ಎದುರುಬದುರು ಸಿಂಹಗಳು

ಸೂಲಗಿತ್ತಿ ಮಕಾತು ಓಣಿಯ ಬಾಯಲ್ಲೇ ನಿಂತುಬಿಟ್ಟಳು. ಅವಳನ್ನು ಕರೆಯಲು ಹೋಗಿದ್ದ ಉಶಿ ಮುಂದೆ ಓಡುತ್ತಿದ್ದವಳು ತಿರುಗಿ ನೋಡಿದಳು.

"ಬನ್ನಿ ಅಕ್ಕಾ, ಸೊಸೆ ಒಬ್ಬಳೇ ನರಳ್ತಿದ್ದಾಳೆ. ಬಿರುಗಾಳಿ ಬೇರೆ ಬರ್ತಿದೆ."

ಮಕಾತು ಮೇಲಕ್ಕೆ ಕೈ ತೋರಿದಳು. ಓಣಿಯ ಒಂದು ಪಕ್ಕ ಉಶಿಯ ಮನೆ, ಇನ್ನೊಂದು ಪಕ್ಕ ನೆರೆಯ ಮುದುಕಿ ನಾಬೆಯದು. ಎರಡೂ ಕೆಂಪು ಹೆಂಚಿನ ಮಾಡುಗಳ ಮೇಲೆ ಒಂದೊಂದು ಶೀಸಾ, ಕಾವಲಿನ ಬೊಂಬೆ. ನಾಯಿಯ ಮೈ, ಸಿಂಹದ ಮುಖ, ಹೆಂಚಿನ ಚೂರು ಸೇರಿಸಿ ಗಾರೆಯಲ್ಲಿ ಮೆತ್ತಿದ್ದು. ಕೆಡುಕನ್ನು ಊರಾಚೆಗೆ ಅಟ್ಟಬೇಕಾದ ಅವೆರಡೂ, ಒಂದು ಬಾಯಿ ತೆರೆದು, ಒಂದು ಬಾಯಿ ಬಿಗಿದು, ಒಂದನ್ನೊಂದು ದುರುಗುಟ್ಟಿಕೊಂಡು ಕೂತಿದ್ದವು.

"ಮೊದ್ಲು ಕೂರಿಸಿದ್ದು ಅವಳೇ ಅಕ್ಕಾ, ನಮ್ಮ ಬಾಗಿಲಿಗೇ ಮುಖ ಮಾಡಿ!" ಅಂದಳು ಉಶಿ. "ಅವಳ ಮನೆ ಕೆಡುಕೆಲ್ಲ ನಮ್ಮನೆಗೆ ಬರಲಿ ಅಂತ ಸುಮ್ನಿರಕ್ಕಾಗತ್ತಾ? ವಾಪಸ್ ಹೋಗಲಿ ಅಂತ ನಾನೂ ಒಂದು ಕೂರಿಸ್ದೆ."

"ಅದು ಹೋಗೋದೂ ಬರೋದೂ ಈ ಓಣೀಲೇ ಅಲ್ವೇನೇ ಪೆದ್ದೀ? ಇವುಗಳ ನಡುವೆ ನಡೆದುಬಂದ ಕೈಯಲ್ಲಿ ನಾನು ಕೂಸು ಹಿಡಿಯಲ್ಲ. ನನಗೆ ಅಂಟಿದ್ದು ಅದಕ್ಕೇ ತಾಗತ್ತೆ."

ಉಶಿಯ ಮುಖ ಬಿಳಿಚಿಕೊಂಡಿತು. ಮನೆಯ ಹಿಂದೆ ಬರೀ ಬಂಡೆ, ಬೇರೆ ದಾರಿಯಿಲ್ಲ. ಬಸುರಿ ಸೊಸೆ ದಿನಾ ನೀರಿಗೆ ಹೋಗಿಬಂದದ್ದೂ ಇದೇ ಓಣಿಯಲ್ಲಿ. ಒಳಗಿಂದ ಚೀತ್ಕಾರ ಕೇಳಿತು. ಕದಗಳಿಗೆ ಹಗ್ಗ ಬಿಗಿಯುತ್ತಿದ್ದ ನಾಬೆ ಹೊರಗೆ ಬಂದಳು.

"ಒಡೆದುಹಾಕೇ ನಿಂದನ್ನ!" ಉಶಿ ಕಿರುಚಿದಳು.

"ಬಿರುಗಾಳಿ ಹೊತ್ತಲ್ಲಿ ಕಾವಲು ಒಡ್ಕೊಂಡು ಕೂರಕ್ಕೆ ನಂಗೇನು ತಲೆ ಕೆಟ್ಟಿದ್ಯಾ? ನಿಂದು ಒಡಿ ಮೊದ್ಲು."

ಮತ್ತೆ ಚೀತ್ಕಾರ. ಈ ಸಲ ಅರ್ಧಕ್ಕೇ ನಿಂತುಹೋಯಿತು. ನಾಬೆ ಆ ಬಾಗಿಲ ಕಡೆ ಒಮ್ಮೆ ನೋಡಿದಳು. ಒಳಗೆ ಹೋಗಿ ಗೆಣಸಿನ ಬುಟ್ಟಿ ಸುರಿದು, ಖಾಲಿ ಬುಟ್ಟಿಯನ್ನೂ ಏಣಿಯನ್ನೂ ತಂದಳು.

"ಸಿಂಹದ ಕಣ್ಣು ಮರೆಯಾದ್ರೆ ಸಾಕಾ ಅಕ್ಕಾ?"

"ಎರಡರದ್ದೂ ಮರೆಯಾಗಬೇಕು. ಒಟ್ಟಿಗೇ."

ಉಶಿಯೂ ಓಡಿಹೋಗಿ ಬುಟ್ಟಿ, ಏಣಿ ತಂದಳು. ಮುದುಕಿಯರಿಬ್ಬರೂ ತಂತಮ್ಮ ಮಾಡು ಹತ್ತಿದರು. ಸಿಂಹಗಳ ಮುಖಕ್ಕೆ ಬುಟ್ಟಿ ಕವುಚಿ, ಗಾಳಿ ಎತ್ತದಂತೆ ಅದುಮಿ ಹಿಡಿದರು. ಮಕಾತು ತಲೆ ತಗ್ಗಿಸಿಕೊಂಡು ಓಣಿಯಲ್ಲಿ ಓಡಿದಳು. ಬಾಗಿಲು ಮುಚ್ಚಿತು.

"ಕೈ ಬಿಡಬೇಡ್ವೇ ನಾಬೆ! ಅಕ್ಕ ಬಿಸಿನೀರಿಗೆ ಅಂತ ಹೊರಗೆ ಬಂದ್ರೂ ಬಂದಾರು."

"ನಿನ್ನ ಕೈ ನೋಡ್ಕೊಳೇ. ಅರ್ಧ ಕೆಲಸ ಮಾಡಿ ಎದ್ದು ಹೋಗೋದು ನಿನ್ನ ಚಾಳಿ."

ಸಮುದ್ರ ಮೊರೆಯತೊಡಗಿತು. ಮಳೆ ಅಡ್ಡಡ್ಡ ಹೊಡೆಯಿತು. ಗಾಳಿ ಮೊದಲು ನಾಬೆಯ ಬುಟ್ಟಿಯನ್ನು ಕಿತ್ತುಕೊಂಡು ಹೋಯಿತು. ಅವಳು ಸಿಂಹದ ಮುಖಕ್ಕೆ ತನ್ನ ಬೆನ್ನನ್ನೇ ಒತ್ತಿ ಕುಕ್ಕರಗಾಲಲ್ಲಿ ಕೂತಳು. ಉಶಿಯ ಬುಟ್ಟಿಯೂ ಹಾರಿತು. ಅವಳೂ ಹಾಗೇ ಕೂತಳು.

"ಕೂಸು ಅತ್ತಿತೇನೇ?" ಉಶಿ ಕೂಗಿ ಕೇಳಿದಳು.

"ಗಾಳಿ ಕಣೇ ಅದು."

ಸ್ವಲ್ಪ ಹೊತ್ತಿನ ಮೇಲೆ, "ಈಗ?"

ನಾಬೆ ಉಶಿಯ ಬಾಗಿಲ ಕಡೆ ಕಿವಿಗೊಟ್ಟಳು.

ಕತ್ತಲು ಕವಿಯುವ ಮುಂಚೆ ಮಕಾತು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ಬಾಗಿಲು ತೆರೆದಳು. ಅದರ ಅಳು ಗಾಳಿಯನ್ನೂ ಮೀರಿಸುವಂತಿತ್ತು. ಇಳಿಯಿರಿ ಎನ್ನಲು ಮೇಲೆ ನೋಡಿದಳು. ಎರಡು ಮಾಡುಗಳ ಮೇಲೆ, ತೊಯ್ದ ಕೂದಲು ಕೇಸರದಂತೆ ಕೆದರಿ, ಒಬ್ಬಳು ಬಾಯಿ ತೆರೆದು, ಒಬ್ಬಳು ಬಾಯಿ ಬಿಗಿದು, ಎದುರುಬದುರು ಕೂತಿದ್ದರು.