ಎರಡು ಸಾವಿರ ವ್ಯಾಟಿನ ಹಳೇ ಮೆಷಿನ್

ಬಾಡಿಗೆಗೆ ಹೋಗಿ ಬಂದ ಜನರೇಟರಿನ ಟ್ಯಾಂಕಿಗೆ ಅಂಗಡಿಯವನು ಕಡ್ಡಿ ಇಳಿಸಿ ನೋಡಿದ. ಪೆಟ್ರೋಲು ಮೂರು ಬೆರಳು ಇಳಿದಿರಬೇಕಿತ್ತು. ಒಂದು ಬೆರಳೂ ಇಳಿದಿರಲಿಲ್ಲ. ಆ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎಂಬುದು ಖಾತ್ರಿಯಾಯಿತು.

ಇಪ್ಪತ್ತು ದಿನದಿಂದ ಅವಳು ಬೆಳಿಗ್ಗೆ ಹತ್ತಕ್ಕೆ ಬಂದು ಮೆಷಿನ್ನನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದಳು, ಹನ್ನೆರಡಕ್ಕೆ ತಂದು ಬಿಡುತ್ತಿದ್ದಳು. ಒಯ್ಯುವಾಗಲೂ ಸುಸ್ತು, ತರುವಾಗ ಇನ್ನೂ ಸುಸ್ತು. ಕಣ್ಣು ಕೆಂಪು. ಕೇಳಿದರೆ “ಹೊಗೆ ಅಣ್ಣಾ” ಎನ್ನುತ್ತಿದ್ದಳು.

ಮೊದಲ ದಿನವೇ ಅವನು ವಿಚಾರಿಸಿದ್ದ. “ಏನೇನು ಓಡಿಸ್ಬೇಕಮ್ಮಾ?”

“ನೀರಿನ ಪಂಪು, ಹಿಟ್ಟಿನ ಮೆಷಿನ್ನು.”

“ಎರಡೂ ಸೇರಿ ಓಡೋವಾಗ ಸಾವಿರದೈನೂರು ವ್ಯಾಟ್. ಆದ್ರೆ ಮೋಟರು ಶುರುವಾಗೋ ಗಳಿಗೇಲಿ ಮೂರು ಪಟ್ಟು ಎಳೆಯುತ್ತೆ. ಈ ಹಳೇದು ಎರಡು ಸಾವಿರದ್ದು, ಕೈಕೊಡುತ್ತೆ. ಆ ಹೊಸದು ಐದು ಸಾವಿರದ್ದು, ಪಕ್ಕದಲ್ಲಿ ಮಲಗಿದ್ರೂ ಎಚ್ಚರ ಆಗಲ್ಲ. ಬಾಡಿಗೆ ಹಳೇದರಷ್ಟೇ ಕೊಡಿ.”

“ಬೇಡ. ಹಳೇದೇ ಸಾಕು.”

ಮೂವತ್ತು ವರ್ಷ ಈ ಗಡಗಡದಲ್ಲೇ ಬೇಸತ್ತವನು ಅವನು. ಜನ ಅವನ ಮಾತು ಕೇಳದಿರುವುದು ಹೊಸದೇನಲ್ಲ. ಆದರೆ ಪಂಪು ಎಳೆದಿದ್ದರೆ ಆ ಮೆಷಿನ್ ಎಂದೋ ನಿಂತುಹೋಗಬೇಕಿತ್ತು, ಪೆಟ್ರೋಲನ್ನಾದರೂ ಗಟಗಟ ಕುಡಿಯಬೇಕಿತ್ತು. ಇಷ್ಟು ಕಮ್ಮಿ ಕುಡಿದಿದೆ ಎಂದರೆ ಒಂದು ಬಲ್ಬನ್ನೂ ಉರಿಸಿಲ್ಲ.

ಹೋದ ವರ್ಷ ಮದುವೆಗೆಂದು ಒಯ್ದವರು ಇವನ ಜನರೇಟರಿನಿಂದ ಕಟರ್ ಓಡಿಸಿ, ಒಂದು ಅಂಗಡಿಯ ಶಟರ್ ಕೊಯ್ದು ಕಳವು ಮಾಡಿದ್ದರು. ಮೂರು ದಿನ ಇವನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಇನ್ನೊಮ್ಮೆ ಹಾಗಾದರೆ ಬಾಗಿಲು ಹಾಕಿಸುತ್ತೇವೆ ಎಂದಿದ್ದರು. ಹೆದರಿಕೆ ಇನ್ನೂ ಹೋಗಿರಲಿಲ್ಲ.

ಮರುದಿನ ಹನ್ನೊಂದಕ್ಕೆ ಅವಳ ಮನೆಗೆ ನಡೆದ. ಇವತ್ತು ಮೆಷಿನ್ ವಾಪಸು, ಮತ್ತೆ ಕೊಡುವ ಮಾತೇ ಇಲ್ಲ. ಹಿತ್ತಲ ಸದ್ದು ಬೀದಿಯ ತಿರುವಿಗೇ ಕೇಳುತ್ತಿತ್ತು.

ಬಾಗಿಲು ತೆರೆದಿತ್ತು. ಮಂಚದ ಮೇಲೆ ಮುದುಕಿಯೊಬ್ಬಳು ದಿಂಬಿಗೊರಗಿದ್ದಳು.

“ಸೊಸೆ ಹಿಂದುಗಡೆ ಹಿಟ್ಟು ಬೀಸ್ತಿದ್ದಾಳಪ್ಪಾ,” ಎಂದು ಕೂಗಿ ಹೇಳಿದಳು. “ನನ್ನೆದೆ ವೀಕು, ಗಾಬರಿ ಆಗ್ಬಾರ್ದು ಅಂದಿದ್ದಾರೆ ಡಾಕ್ಟ್ರು. ಕಿವಿ ಮಾತ್ರ ಚುರುಕು, ಗೋಡೆಯಾಚೆ ಪಿಸುಗುಟ್ಟಿದ್ರೂ ಗೊತ್ತಾಗುತ್ತೆ. ಈ ಒಂದು ಗಂಟೆ ಏನೂ ಕೇಳಲ್ಲ ನೋಡು! ಇರ್ಲಿ, ಮಗ ಹಡಗಿಂದ ಬಂದ್ಮೇಲೆ ಒಳ್ಳೇದೊಂದು ತರ್ತಾನೆ.”

ಹಿಟ್ಟಂತೆ! ಮುದುಕಿಗೂ ಟೋಪಿ ಹಾಕಿದ್ದಾಳೆ ಎಂದುಕೊಂಡು ಅವನು ಹಿತ್ತಲಿಗೆ ಹೋದ.

ಪಂಪಿಲ್ಲ. ಹಿಟ್ಟಿನ ಮೆಷಿನ್ನಿಲ್ಲ. ಜನರೇಟರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಒಂದು ವೈರನ್ನೂ ಸಿಕ್ಕಿಸಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದಳು. ಇವನ ನೆರಳು ಕಂಡದ್ದೇ ಧಡಕ್ಕನೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅವನ ಸಿಟ್ಟು ನೆತ್ತಿಗೇರಿತು. ಆರಿಸಲೆಂದು ಸ್ವಿಚ್ಚಿಗೆ ಕೈ ಹಾಕಿದ. ಅವಳು ಓಡಿ ಬಂದು ಆ ಕೈ ಹಿಡಿದುಕೊಂಡಳು.

“ಆರಿಸ್ಬೇಡಿ! ನಿಮ್ಮ ದಮ್ಮಯ್ಯ!”

“ಏನ್ ನಡೀತಿದೆ ಇಲ್ಲಿ? ನಿಜ ಹೇಳಿ, ಇಲ್ಲಾಂದ್ರೆ ಈಗ್ಲೇ ತಗೊಂಡು ಹೋಗ್ತೀನಿ.”

ಅವಳು ಒಳಬಾಗಿಲ ಕಡೆ ಒಮ್ಮೆ ನೋಡಿ, ಅವನ ಕಿವಿಯ ಹತ್ತಿರ ಬಾಗಿದಳು.

“ನನ್ನ ಗಂಡ ತೀರಿಕೊಂಡು ತಿಂಗಳಾಯ್ತು ಅಣ್ಣಾ, ಅತ್ತೆಗೆ ಇನ್ನೂ ಹೇಳಿಲ್ಲ, ಇದು ಓಡ್ತಿದ್ರೆ ಮಾತ್ರ ನಾನು ಬಾಯಿಬಿಟ್ಟು ಅಳಬಹುದು.”