ರಂಗೋಲಿ ಪುಡಿಯ ಮನೆ

ರಂಗೋಲಿ ಪುಡಿಯ ಡಬ್ಬಿ ತೆರೆದಾಗಲೆಲ್ಲ ಆ ಒಣ ವಾಸನೆ ನನ್ನನ್ನು ಪಟಾನ್‌ಚೆರು ಊರಿನಾಚೆಯ ನಮ್ಮ ಖಾಲಿ ಪ್ಲಾಟಿಗೆ ಒಯ್ಯುತ್ತದೆ.

ಆ ಮಧ್ಯಾಹ್ನ ಅಪ್ಪ ಅದೇ ಪುಡಿಯಿಂದ ಕಾದ ಮಣ್ಣಿನ ಮೇಲೆ ನಾವು ಕಟ್ಟಬೇಕಿದ್ದ ಮನೆಯನ್ನು ಬರೆದಿದ್ದ. ನಾನೂ ತಂಗಿಯೂ ಗೆರೆ ದಾಟಿ ಓಡಿದಾಗ ಅವ್ವ ಗದರಿದಳು: "ಅಲ್ಲಿ ಗ್ವಾಡಿ ಐತಿ! ಬಾಗಲದಾಗಿಂದ ಬರ್ರಿ."

ಅಪ್ಪ ಹಿಂಬದಿಯ ಖೋಲಿಯ ಗೆರೆಯನ್ನು ಚಪ್ಪಲಿಯಿಂದ ಅಳಿಸಿದ. "ನನ್ನೊಬ್ಬನ ಪಗಾರದಾಗ ಇಷ್ಟೆಲ್ಲ ಆಗಂಗಿಲ್ಲ."

ಆಗ ನಾವಿದ್ದ ಬಾಡಿಗೆಯ ಒಂದೇ ಕೋಣೆಯಲ್ಲಿ, ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದು ಅಪ್ಪ ಹಗಲು ಮಲಗಿದರೆ ನಾವು ಪಿಸುಗುಟ್ಟುತ್ತಲೇ ಆಡಬೇಕಿತ್ತು.

ಅವ್ವ ಡಬ್ಬಿ ಕಸಿದುಕೊಂಡು, ಅಡುಗೆಮನೆಯನ್ನು ಅರ್ಧ ಮಾಡಿ, ಉಳಿದ ಜಾಗದಲ್ಲಿ ಪುಟ್ಟ ಖೋಲಿಯೊಂದನ್ನು ಬರೆದಳು. "ಅಡಗಿಗೆ ನನಗ ನಿಲ್ಲೋವಷ್ಟು ಜಾಗ ಸಾಕ್ರಿ. ನಿಮಗ ಮಲಗಾಕ ಬ್ಯಾರೆ ಖೋಲಿ ಬೇಕು. ಕಾಲು ಚಾಚಾಕ ಬರ್ತೈತೇನು, ಮಲ್ಕೊಂಡು ನೋಡ್ರಿ."

ಅಪ್ಪ ನಗುತ್ತ, ಪ್ಲಾಟಿನಂಚಿನ ಬೇವಿನ ಮರದ ನೆರಳು ಬಿದ್ದಿದ್ದ ಆ ಗೆರೆಗಳ ನಡುವೆ ಅಂಗಾತ ಮಲಗಿ, ಕಣ್ಣಿನ ಮೇಲೆ ತೋಳಿಟ್ಟುಕೊಂಡ. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನಿದ್ದೆ ಹೋದ.

ಆಟದ ಭರದಲ್ಲಿ ತಂಗಿ ಜೋರಾಗಿ ಕೂಗಿದಳು. ನಾನು ಅಭ್ಯಾಸಬಲದಿಂದ ಅವಳ ಬಾಯಿ ಮುಚ್ಚಿದೆ.

"ಕೂಗಲಿ ಬಿಡು," ಅಂದಳು ಅವ್ವ. "ನಡುವ ಗ್ವಾಡಿ ಐತಿ."