ಒಂದು ಪಾಸ್‌ವರ್ಡ್ ಬಾಕಿ

ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿದರೆ ಅದು ತಲೆಯಿಂದ ಅಳಿಸಿಹೋಗುತ್ತದೆ ಎಂಬುದು ಈಗ ಮಕ್ಕಳಿಗೂ ಗೊತ್ತು. ಆಮೇಲೆ ಎಷ್ಟು ಸಲ ಕೇಳಿದರೂ ಆ ಪದ ಹೊಸದಾಗಿಯೇ ಕೇಳಿಸುತ್ತದೆ. ಶೈಲಶ್ರೀಯ ನಾದಿನಿ ಮಂದಾರ ಅವಸರದಲ್ಲಿ ಪಾಸ್‌ವರ್ಡ್ ಆಗಿದ್ದ ಮಗಳ ಹೆಸರನ್ನೇ ಉಳಿಸಿಬಿಟ್ಟು, ಈಗ ಶಾಲೆಯ ಚೀಲದ ಮೇಲೆ ಓದಿಕೊಂಡು ಅವಳನ್ನು ಕೂಗುತ್ತಾಳೆ.

"ಅತ್ತಿಗೆ, ಸೋಮವಾರದಿಂದ ಪಾಸ್‌ವರ್ಡ್ ಕೈಯಲ್ಲಿ ಟೈಪ್ ಮಾಡಿದ್ರೆ ಯಾವ ಸೈಟೂ ತೆಗೆಯಲ್ವಂತೆ. ಎಲ್ಲಾ ಉಳಿಸಿದ್ರಾ?" ಎಂದು ಮಂದಾರ ಕೇಳಿದಳು.

"ಒಂದು ಬಾಕಿ."

ತೀರಿಕೊಂಡ ಗಂಡ ನಿರಂಜನ ಕಳಿಸಿದ್ದ ಧ್ವನಿ ಸಂದೇಶಗಳೆಲ್ಲ ಆ ಸೈಟಿನಲ್ಲಿದ್ದವು. ಇಬ್ಬರೇ ಇದ್ದಾಗ ಅವನು ಅವಳನ್ನು ಕರೆಯುತ್ತಿದ್ದ ಹೆಸರೇ ಅದರ ಪಾಸ್‌ವರ್ಡ್. ಉಳಿಸಿದರೆ ಆ ಹೆಸರು ಹೋಗುತ್ತದೆ. ಉಳಿಸದಿದ್ದರೆ ಅವನ ಧ್ವನಿ ಮತ್ತೆಂದೂ ಸಿಗುವುದಿಲ್ಲ.

"ನನ್ನ ಕಿವೀಲಿ ಹೇಳಿಬಿಡಿ, ನಾನು ನೆನಪಿಟ್ಕೋತೀನಿ."

"ಮಗಳ ಹೆಸರು ನೆನಪಿಟ್ಕೊಂಡ ಹಾಗಾ?"

"ಚುಚ್ಚಿ, ಚುಚ್ಚಿ," ಎಂದು ಮಂದಾರ ನಕ್ಕಳು.

ಶೈಲಶ್ರೀ ಸೈಟಿನ ವಿಳಾಸ ಹಾಕಿದಳು. ಕೊನೆಯ ಖಾನೆಯಲ್ಲಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೊಡೆದು, ಸದ್ದಿಲ್ಲದೆ ಒಮ್ಮೆ ಬಾಯಲ್ಲಿ ಹೇಳಿಕೊಂಡಳು. ಆಮೇಲೆ 'ಉಳಿಸಿ' ಒತ್ತಿದಳು.

ಸೈಟು ತಾನಾಗಿಯೇ ತೆರೆದುಕೊಂಡಿತು. ಮೊದಲ ಸಂದೇಶದಲ್ಲಿ ನಿರಂಜನ ಯಾರನ್ನೋ ಹೆಸರು ಹಿಡಿದು ಕರೆದು, ಬರುವಾಗ ಕೊತ್ತಂಬರಿ ಸೊಪ್ಪು ತರಬೇಕಾ ಎಂದು ಕೇಳಿದ.

"ಅಣ್ಣ ಯಾರನ್ನ ಕರೀತಿರೋದು?" ಮಂದಾರ ಮೆಲ್ಲಗೆ ಕೇಳಿದಳು.

ಶೈಲಶ್ರೀ ಇನ್ನೊಮ್ಮೆ ಹಾಕಿ ಕೇಳಿದಳು.

"ನಾನೇ ಇರ್ಬೇಕು," ಎಂದಳು.